ಬೆಳ್ಳಿಯ ಚಮಚಗಳ ಮೇಲಣ ಮುದ್ರೆಗಳು: ವಾಚನ, ಪರೀಕ್ಷೆ, ಬೆಲೆ

ಶಾಸನವೆಂದೊಡನೆ ಕಲ್ಲಿನ ಮೇಲೆ ಕಂಡರಿಸಿದ ಬರಹವೋ ತಾಮ್ರಪಟವೋ ನೆನಪಿಗೆ ಬರುವುದು ವಾಡಿಕೆ. ಆದರೆ ಒಂದೆರಡು ಅಂಗುಲವನ್ನು ಮೀರದ, ಬರಿಗಣ್ಣಿಗೆ ಸರಿಯಾಗಿ ಕಾಣದ ಶಾಸನಗಳೂ ಉಂಟು. ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಬೆಳ್ಳಿಯ ಚಮಚವೊಂದನ್ನು ಮಗುಚಿ ನೋಡಿದರೆ ಅದರ ಕಾವಿನ ಹಿಂಬದಿಯಲ್ಲಿ ನಾಲ್ಕೈದು ಚಿಕ್ಕ ಮುದ್ರೆಗಳು ಸಾಲಾಗಿ ಕಾಣಿಸುತ್ತವೆ: ಒಂದು ಮೃಗದ ಮುಖ, ನಡೆಯುತ್ತಿರುವ ಒಂದು ಸಿಂಹ, ಒಂದು ಒಂಟಿ ಅಕ್ಷರ, ಜೋಡಿಯಾಗಿ ಎರಡು ಹೆಸರಕ್ಷರಗಳು, ಕೆಲವು ವೇಳೆ ದೊರೆಯೊಬ್ಬನ ತಲೆ. ಓದಬಲ್ಲವನಿಗೆ ಇವು ಆ ವಸ್ತುವಿನ ಲೋಹ, ಊರು, ವರ್ಷ, ಕರ್ತೃ, ಸಂದ ಸುಂಕ ಇವೈದನ್ನೂ ತಿಳಿಸುತ್ತವೆ. ಓದಲಾರದವನಿಗೆ ಅದು ಇಷ್ಟು ತೊಲ ಬೆಳ್ಳಿ ಮಾತ್ರ. ಈ ಎರಡು ಬಗೆಯ ನೋಟಗಳ ನಡುವಣ ವ್ಯತ್ಯಾಸವು ಬೆಲೆಯಲ್ಲಿ ಮಾತ್ರವಲ್ಲದೆ ವಸ್ತುವಿನ ಉಳಿವು ಅಳಿವುಗಳಲ್ಲಿಯೂ ಕಾಣುತ್ತದೆ. ಏಕೆಂದರೆ ತೂಕವೊಂದನ್ನೇ ಬಲ್ಲವನು ಅದನ್ನು ಕರಗಿಸುವವರ ಕೈಗೆ ಕೊಡಲು ಹಿಂಜರಿಯುವುದಿಲ್ಲ.

ಊಟದ ಮೇಜಿನ ಚಮಚ, ಮುಳ್ಳುಚಮಚ, ಚೂರಿಗಳ ಬೆಳ್ಳಿಯನ್ನು ಗುರುತಿಸುವ ಬಗೆಯನ್ನೂ ಅದಕ್ಕೆ ಬೆಲೆ ಕಟ್ಟುವ ಬಗೆಯನ್ನೂ ಇಲ್ಲಿ ಕ್ರಮವಾಗಿ ವಿವರಿಸಿದೆ. ಮುದ್ರೆಯ ಮಾತನ್ನು ಆಕಾರದ ಸಾಕ್ಷ್ಯದೊಡನೆ ಹೋಲಿಸಿ ನೋಡದೆ ಎರಡರಲ್ಲೊಂದನ್ನೂ ನಂಬಲಾಗದು ಎಂಬುದೇ ಈ ವಿವರಣೆಯ ತಿರುಳು.

೧. ಹೆಸರು ಮತ್ತು ಪ್ರಮಾಣ

ಅಪ್ಪಟ ಬೆಳ್ಳಿಯು ಮೆತು. ಅದರಿಂದ ಮಾಡಿದ ಚಮಚವು ಬಳಕೆಯಲ್ಲಿ ಬಾಗಿಹೋಗುತ್ತದೆ. ಆದುದರಿಂದ ಅದಕ್ಕೆ ಸ್ವಲ್ಪ ತಾಮ್ರವನ್ನು ಬೆರಸಿ ಗಡುಸುಮಾಡುವುದು ಬಹು ಹಿಂದಿನ ಪದ್ಧತಿ. ಸಾವಿರ ಪಾಲಿನಲ್ಲಿ ೯೨೫ ಪಾಲು ಬೆಳ್ಳಿ, ಉಳಿದುದು ಸಾಮಾನ್ಯವಾಗಿ ತಾಮ್ರ, ಹೀಗಿರುವ ಬೆರಕೆಗೆ ಸ್ಟರ್ಲಿಂಗ್ ಎಂದು ಹೆಸರು. ಹಳೆಯ ಲೆಕ್ಕದಲ್ಲಿ ಇದನ್ನೇ ೧೧ ಔನ್ಸು ೨ ಪೆನ್ನಿವೇಟು ಎನ್ನುತ್ತಿದ್ದರು. ಟ್ರಾಯ್ ತೂಕದಲ್ಲಿ ಪೌಂಡಿಗೆ ೧೨ ಔನ್ಸು, ಔನ್ಸಿಗೆ ೨೦ ಪೆನ್ನಿವೇಟು. ಆದುದರಿಂದ ೨೪೦ ಪೆನ್ನಿವೇಟಿನಲ್ಲಿ ೨೨೨ ಬೆಳ್ಳಿ ಎಂದಾಗುತ್ತದೆ. ಇದು ನಾಣ್ಯದ ಬೆಳ್ಳಿಯ ಪ್ರಮಾಣವೂ ಆಗಿತ್ತು. ಪಾತ್ರೆಯನ್ನು ಕರಗಿಸಿ ನಾಣ್ಯ ಮಾಡಿಸುವುದೂ ನಾಣ್ಯವನ್ನು ಕರಗಿಸಿ ಪಾತ್ರೆ ಮಾಡಿಸುವುದೂ ಸುಲಭವಾದುದು ಇದರಿಂದಲೇ.

ಈ ಹೆಸರಿನ ನಿಷ್ಪತ್ತಿಯು ಭಾಷಾಶಾಸ್ತ್ರಜ್ಞರಲ್ಲಿ ವಿವಾದಗ್ರಸ್ತವಾದುದು. ಪೂರ್ವದಿಕ್ಕಿನಿಂದ ಬಂದ ಜರ್ಮನ್ ವರ್ತಕರಿಗೆ ಈಸ್ಟರ್ಲಿಂಗ್ ಎಂದು ಹೆಸರಿತ್ತು; ಅವರ ನಾಣ್ಯದ ಚೊಕ್ಕತನದಿಂದ ಈ ಪದ ಬಂದಿತೆಂಬುದು ಹಳೆಯ ನಂಬಿಕೆ. ನಾರ್ಮನ್ ದೊರೆಗಳ ಕೆಲವು ಪೆನ್ನಿಗಳ ಮೇಲೆ ಚಿಕ್ಕ ನಕ್ಷತ್ರದ ಗುರುತಿದ್ದುದರಿಂದ 'ಸಣ್ಣ ನಕ್ಷತ್ರ' ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದವೇ ಮೂಲವೆಂಬುದು ಇನ್ನೊಂದು ಪಕ್ಷ. ಗಟ್ಟಿಯಾದುದು, ನಿಲ್ಲುವಂಥದು ಎಂಬ ಅರ್ಥದ ಧಾತುವಿನಿಂದ ಹುಟ್ಟಿತೆಂಬುದು ಮತ್ತೊಂದು. ಯಾವ ಪಕ್ಷವನ್ನು ಹಿಡಿದರೂ ಒಂದು ಸಂಗತಿ ಸ್ಪಷ್ಟ: ಪದವು ಮೊದಲು ನಾಣ್ಯಕ್ಕೆ ಸಂದು ಬಳಿಕ ಲೋಹಕ್ಕೆ ಹಬ್ಬಿತು.

ಒಮ್ಮೆ ಮಾತ್ರ ಈ ಪ್ರಮಾಣವು ಬದಲಾಯಿತು. ನಾಣ್ಯಗಳ ಅಂಚನ್ನು ಕತ್ತರಿಸಿ, ಇಲ್ಲವೆ ಅವನ್ನೇ ಕರಗಿಸಿ, ಪಾತ್ರೆಗಳನ್ನು ಮಾಡುವ ಚಾಳಿ ಹೆಚ್ಚಿದುದರಿಂದ ೧೬೯೭ರಲ್ಲಿ ಪಾತ್ರೆಯ ಬೆಳ್ಳಿಯು ನಾಣ್ಯದ ಬೆಳ್ಳಿಗಿಂತ ಮೇಲಾಗಿರತಕ್ಕದ್ದೆಂದು ಶಾಸನವಾಯಿತು. ಆಗ ನಿಯತವಾದ ಪ್ರಮಾಣ ೧೧ ಔನ್ಸು ೧೦ ಪೆನ್ನಿವೇಟು, ಎಂದರೆ ಸಾವಿರಕ್ಕೆ ಸುಮಾರು ೯೫೮. ಇದಕ್ಕೆ ಬ್ರಿಟಾನಿಯಾ ಎಂಬ ಆಸೀನಳಾದ ಸ್ತ್ರೀಯ ಮೂರ್ತಿಯೂ ಕೊರಳಿನಲ್ಲಿ ಕಿತ್ತಂತಿರುವ ಸಿಂಹದ ತಲೆಯೂ ಗುರುತುಗಳಾದುವು. ೧೭೨೦ರಲ್ಲಿ ಹಳೆಯ ಪ್ರಮಾಣವು ಮತ್ತೆ ಜಾರಿಗೆ ಬಂದಿತು; ಬ್ರಿಟಾನಿಯಾ ಬೆಳ್ಳಿಯು ಬೇಕಾದವರಿಗೆ ಉಳಿಯಿತು.

೨. ಐದು ಮುದ್ರೆಗಳು

ಬೆಳ್ಳಿಯ ಚೊಕ್ಕತನವನ್ನು ಕಣ್ಣಳತೆಯಿಂದ ನಿರ್ಣಯಿಸುವುದು ಕಷ್ಟ. ಆದುದರಿಂದ ಕೊಳ್ಳುವವರ ರಕ್ಷಣೆಗಾಗಿ ೧೩೦೦ರಲ್ಲಿ ಮೊದಲನೆಯ ಎಡ್ವರ್ಡನು ಪರೀಕ್ಷೆಯಾಗದ ಬೆಳ್ಳಿಯ ವಸ್ತುವು ಕುಶಲಿಗನ ಕೈದಾಟಬಾರದೆಂದೂ ಪರೀಕ್ಷೆಯಾದುದರ ಮೇಲೆ ಚಿರತೆಯ ತಲೆಯ ಮುದ್ರೆಯನ್ನು ಒತ್ತತಕ್ಕದ್ದೆಂದೂ ವಿಧಿಸಿದನು. ೧೩೬೩ರಲ್ಲಿ ಪ್ರತಿಯೊಬ್ಬ ಅಕ್ಕಸಾಲೆಯೂ ತನ್ನದೇ ಆದ ಗುರುತನ್ನು ಇಟ್ಟುಕೊಳ್ಳಬೇಕೆಂದಾಯಿತು. ೧೪೭೮ರಲ್ಲಿ ಲಂಡನ್ನಿನ ಅಕ್ಕಸಾಲೆಗಳ ಸಂಘವು ತನ್ನ ಸಭಾಭವನದಲ್ಲಿ ಸಂಬಳದ ಪರೀಕ್ಷಕನೊಬ್ಬನನ್ನು ನೇಮಿಸಿತು. ವಸ್ತುಗಳನ್ನು ಆ ಭವನಕ್ಕೆ, ಎಂದರೆ 'ಹಾಲಿ'ಗೆ, ತಂದು ಮುದ್ರೆ ಹಾಕಿಸುತ್ತಿದ್ದುದರಿಂದಲೇ ಹಾಲ್‌ಮಾರ್ಕ್ ಎಂಬ ಮಾತು ಹುಟ್ಟಿತು.

ಪರೀಕ್ಷೆಯ ಕ್ರಮವು ನಮ್ಮ ದೇಶದ ಅಕ್ಕಸಾಲೆಗಳಿಗೆ ಅಪರಿಚಿತವಾದುದಲ್ಲ. ವಸ್ತುವಿನಿಂದ ಸ್ವಲ್ಪ ಬೆಳ್ಳಿಯನ್ನು ಹೆರೆದು ತೂಗಿ, ಸೀಸದಲ್ಲಿ ಸುತ್ತಿ, ಮೂಳೆಯ ಬೂದಿಯಿಂದ ಮಾಡಿದ ಮೂಸೆಯಲ್ಲಿಟ್ಟು ಪುಟಹಾಕುತ್ತಿದ್ದರು. ಸೀಸವೂ ತಾಮ್ರವೂ ಮೂಸೆಗೆ ಇಂಗಿಹೋಗಿ ಬೆಳ್ಳಿಯ ಮಣಿ ಮಾತ್ರ ಉಳಿಯುತ್ತಿತ್ತು. ಮೊದಲ ತೂಕಕ್ಕೂ ಮಣಿಯ ತೂಕಕ್ಕೂ ಇರುವ ವ್ಯತ್ಯಾಸವೇ ಬೆರಕೆಯ ಪ್ರಮಾಣ. ಪ್ರಮಾಣಕ್ಕೆ ಕಡಮೆಯಾದ ವಸ್ತುವನ್ನು ಜಜ್ಜಿ ಹಿಂದಿರುಗಿಸುತ್ತಿದ್ದರು. ೧೯೦೯ರಲ್ಲಿ ಮೈಸೂರಿನಲ್ಲಿ ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಚಿನ್ನದ ಒರೆಗಲ್ಲು, ಬೆಳ್ಳಿಯ ಭೇದಗಳು, ಕುಶಲಿಗರ ಕಳ್ಳತನದ ಬಗೆಗಳು ಇವುಗಳ ವಿಚಾರ ಬಂದಿರುವುದನ್ನು ಇಲ್ಲಿ ನೆನೆಯಬಹುದು. ಪರೀಕ್ಷೆ ಎರಡೆಡೆಗಳಲ್ಲಿಯೂ ಇತ್ತು. ಪರೀಕ್ಷೆಯ ಫಲವನ್ನು ವಸ್ತುವಿನ ಮೇಲೆಯೇ ವರ್ಷಸಮೇತ ದಾಖಲೆಮಾಡಿದುದು ಇಂಗ್ಲಿಷ್ ಪದ್ಧತಿಯ ವಿಶೇಷ.

ಮುದ್ರೆಗಳನ್ನು ಒಂದೊಂದಾಗಿ ಹೇಳುವುದಾದರೆ:

ಮೊದಲನೆಯದು ಪ್ರಮಾಣಮುದ್ರೆ. ಬಲಗಾಲನ್ನೆತ್ತಿ ಎಡಕ್ಕೆ ನಡೆಯುವ ಸಿಂಹವು ೧೫೪೪ರಿಂದ ಬಂದಿದೆ. ಆ ಕಾಲದಲ್ಲಿ ಎಂಟನೆಯ ಹೆನ್ರಿಯು ನಾಣ್ಯದ ಬೆಳ್ಳಿಯನ್ನು ಕೆಡಿಸತೊಡಗಿದ್ದನು. ೧೫೫೧ರ ವೇಳೆಗೆ ಅದು ಹನ್ನೆರಡಕ್ಕೆ ಮೂರು ಪಾಲಿಗೆ ಇಳಿಯಿತು. ನಾಣ್ಯ ಕೆಟ್ಟರೂ ಪಾತ್ರೆಯ ಬೆಳ್ಳಿ ಕೆಡಲಿಲ್ಲವೆಂಬುದಕ್ಕೆ ಸಿಂಹವು ಸಾಕ್ಷಿಯಾಯಿತು.

ಎರಡನೆಯದು ಊರಿನ ಮುದ್ರೆ. ಲಂಡನ್ನಿಗೆ ಚಿರತೆಯ ತಲೆ. ೧೮೨೧ರವರೆಗೆ ಇದಕ್ಕೆ ಕಿರೀಟವಿತ್ತು, ಆಮೇಲೆ ಇಲ್ಲ. ೧೭೭೩ರಲ್ಲಿ ಪರೀಕ್ಷಾಶಾಲೆಗಳನ್ನು ಪಡೆದ ಬರ್ಮಿಂಗ್‌ಹ್ಯಾಮಿಗೆ ಲಂಗರು, ಷೆಫೀಲ್ಡಿಗೆ ಕಿರೀಟ. ಷೆಫೀಲ್ಡಿನ ಕಿರೀಟವು ೧೯೭೫ರಿಂದ ಗುಲಾಬಿಯಾಯಿತು. ಎಡಿನ್‌ಬರೊವಿಗೆ ಮೂರು ಗೋಪುರದ ಕೋಟೆ, ಡಬ್ಲಿನ್ನಿಗೆ ಕಿರೀಟವುಳ್ಳ ವೀಣೆ. ಮುಚ್ಚಿಹೋದ ಶಾಲೆಗಳೂ ಹಲವು: ಎಕ್ಸೆಟರು ೧೮೮೩ರಲ್ಲಿ, ನ್ಯೂಕಾಸಲ್ ೧೮೮೪ರಲ್ಲಿ, ಚೆಸ್ಟರು ೧೯೬೨ರಲ್ಲಿ, ಗ್ಲಾಸ್ಗೋ ೧೯೬೪ರಲ್ಲಿ. ಈಗ ಬ್ರಿಟನ್ನಿನಲ್ಲಿ ಉಳಿದಿರುವುವು ಲಂಡನ್, ಬರ್ಮಿಂಗ್‌ಹ್ಯಾಮ್, ಷೆಫೀಲ್ಡ್, ಎಡಿನ್‌ಬರೊ ಎಂಬ ನಾಲ್ಕು.

ಮೂರನೆಯದು ಕರ್ತೃಮುದ್ರೆ. ೧೭೩೯ರ ಶಾಸನದ ಬಳಿಕ ಇದು ಹೆಸರಿನ ಮತ್ತು ಮನೆತನದ ಹೆಸರಿನ ಮೊದಲಕ್ಷರಗಳಿಂದ ಕೂಡಿರುತ್ತದೆ. ಹೆಸ್ಟರ್ ಬೇಟ್‌ಮನ್ ಎಂಬ ವಿಧವೆ ೧೭೬೧ರಲ್ಲಿ ದಾಖಲೆ ಮಾಡಿಸಿದ, ಕೂಡುಬರಹದ ಎಚ್ ಬಿ ಅಕ್ಷರಗಳು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಆದರೆ ಈ ಮುದ್ರೆಯು ವಸ್ತುವನ್ನು ಪರೀಕ್ಷೆಗೆ ಕಳುಹಿಸಿದ ಹೊಣೆಗಾರನದು. ಸುತ್ತಿಗೆ ಹಿಡಿದು ಕೆಲಸಮಾಡಿದವನದೇ ಆಗಿರಬೇಕೆಂದಿಲ್ಲ. ಗ್ರಂಥದ ಅಂಕಿತದಲ್ಲಿರುವ ಹೆಸರು ಕವಿಯದೋ ಆಶ್ರಯದಾತನದೋ ಎಂದು ವಿಚಾರಿಸುವ ಎಚ್ಚರಿಕೆ ಇಲ್ಲಿಯೂ ಬೇಕು.

ನಾಲ್ಕನೆಯದು ಸುಂಕದ ಮುದ್ರೆ. ೧೭೮೪ರ ಡಿಸೆಂಬರಿನಿಂದ ೧೮೯೦ರವರೆಗೆ ಬೆಳ್ಳಿಯ ಮೇಲೆ ಸುಂಕವಿದ್ದಿತು. ಸುಂಕ ಸಂದುದಕ್ಕೆ ಆಳುವ ದೊರೆಯ ತಲೆಯನ್ನು ಒತ್ತುತ್ತಿದ್ದರು. ಈ ತಲೆಯಿದ್ದರೆ ವಸ್ತುವು ಆ ೧೦೬ ವರ್ಷಗಳ ಒಳಗಿನದೆಂದು ಒಡನೆಯೇ ಹೇಳಬಹುದು.

ಐದನೆಯದು ವರ್ಷಾಕ್ಷರ. ಇದು ಎಲ್ಲಕ್ಕಿಂತ ಬೆಲೆಯುಳ್ಳದು, ಎಲ್ಲಕ್ಕಿಂತ ಹೆಚ್ಚಾಗಿ ಮೋಸಗೊಳಿಸುವುದೂ ಇದೇ. ೧೪೭೮ರಿಂದ ಲಂಡನ್ನಿನ ಪರೀಕ್ಷಾಶಾಲೆಯು ವರ್ಷಕ್ಕೊಂದು ಅಕ್ಷರವನ್ನು ಬಳಸುತ್ತ ಬಂದಿತು. ಯಾವ ಪರೀಕ್ಷಕನ ಕಾಲದಲ್ಲಿ ತಪ್ಪು ನಡೆಯಿತೆಂದು ಕಂಡುಹಿಡಿಯುವುದಕ್ಕಾಗಿ ಹುಟ್ಟಿದ ಏರ್ಪಾಡು ಇದು. ಕಾಲಗಣನೆಗೆ ಇದು ಒದಗಿದುದು ಅನಂತರ. ಲಂಡನ್ನಿನ ಚಕ್ರದಲ್ಲಿ ಜೆ ಎಂಬುದನ್ನು ಬಿಟ್ಟು ಎ ಇಂದ ಯು ವರೆಗೆ ೨೦ ಅಕ್ಷರಗಳು. ಚಕ್ರ ಮುಗಿದಾಗ ಅಕ್ಷರದ ಜಾತಿಯನ್ನೂ ಅದನ್ನು ಸುತ್ತುವರಿದ ಗುರಾಣಿಯ ಆಕಾರವನ್ನೂ ಬದಲಾಯಿಸುತ್ತಿದ್ದರು. ೧೬೬೦ರ ಬಳಿಕ ಅಲ್ಲಿ ಅಕ್ಷರವು ಮೇ ೨೯ರಂದು ಬದಲಾಗುತ್ತಿದ್ದುದರಿಂದ ಒಂದೊಂದು ಅಕ್ಷರವೂ ಎರಡು ವರ್ಷಗಳನ್ನು ಮುಟ್ಟುತ್ತದೆ. ಎಲ್ಲ ಶಾಲೆಗಳಿಗೂ ಒಂದೇ ಅಕ್ಷರ, ಜನವರಿ ಒಂದರಿಂದ ವರ್ಷಾರಂಭ ಎಂಬ ನಿಯಮವು ೧೯೭೫ರಿಂದ ಬಂದಿತು. ೧೯೯೯ರಿಂದ ವರ್ಷಾಕ್ಷರವು ಕಡ್ಡಾಯವಲ್ಲ. ೯೨೫ ಎಂಬ ಅಂಕೆಯೇ ಕಡ್ಡಾಯ.

೩. ಒಂದು ಅಕ್ಷರದ ವಾಚನ

ಲಂಡನ್ನಿನ ಚಮಚವೊಂದರ ಮೇಲೆ ರೋಮನ್ ಲಿಪಿಯ ಚಿಕ್ಕ 'ಎ' ಅಕ್ಷರವಿದೆಯೆಂದು ಇಟ್ಟುಕೊಂಡರೆ, ಅದು ೧೭೩೬, ೧೭೭೬, ೧೮೧೬, ೧೮೯೬ ಈ ನಾಲ್ಕರಲ್ಲಿ ಯಾವುದೂ ಆಗಬಹುದು. ಅಕ್ಷರವೊಂದನ್ನೇ ನೋಡಿ ಕೋಷ್ಟಕದಲ್ಲಿ ಮೊದಲು ಕಂಡ ವರ್ಷವನ್ನು ಹೇಳುವವನು ೧೬೦ ವರ್ಷಗಳವರೆಗೂ ತಪ್ಪಬಹುದು.

ನಿರ್ಣಯಕ್ಕೆ ಉಳಿದ ಮುದ್ರೆಗಳನ್ನು ಕರೆಯಬೇಕು. ದೊರೆಯ ತಲೆಯಿದ್ದರೆ ೧೮೧೬. ಏಕೆಂದರೆ ನಾಲ್ಕು ವರ್ಷಗಳಲ್ಲಿ ಸುಂಕದ ಅವಧಿಯೊಳಗೆ ಬೀಳುವುದು ಅದೊಂದೇ. ತಲೆಯಿಲ್ಲದೆ ಚಿರತೆಗೆ ಕಿರೀಟವೂ ಇಲ್ಲದಿದ್ದರೆ ೧೮೯೬. ತಲೆಯಿಲ್ಲ, ಕಿರೀಟವುಂಟು ಎಂದಾದರೆ ೧೭೩೬ ಅಥವಾ ೧೭೭೬. ಇವೆರಡನ್ನು ಬೇರ್ಪಡಿಸಲು ಗುರಾಣಿಯ ಆಕಾರ, ಕರ್ತೃಮುದ್ರೆ, ಮತ್ತು ಮುಖ್ಯವಾಗಿ ಚಮಚದ ರೂಪ ಇವು ಒದಗುತ್ತವೆ. ಮುದ್ರೆಗಳ ಸ್ಥಾನವೂ ಒಂದು ಸಾಕ್ಷಿ. ೧೭೮೧ರ ಸುಮಾರಿನವರೆಗೆ ಅವನ್ನು ಕಾವಿನ ಕಿರಿದಾದ ಭಾಗದಲ್ಲಿ, ಬಟ್ಟಲಿನ ಹತ್ತಿರ, ಒತ್ತುತ್ತಿದ್ದರು. ಆ ಬಳಿಕ ಕಾವಿನ ಅಗಲವಾದ ತುದಿಯ ಹತ್ತಿರ. ಹಳೆಯ ಸ್ಥಾನದಲ್ಲಿ ಒತ್ತಿದ ಮುದ್ರೆಗಳು ಕಾವನ್ನು ಮತ್ತೆ ಬಡಿದು ತಿದ್ದುವಾಗ ಸೊಟ್ಟಗಾಗುತ್ತಿದ್ದುದರಿಂದ ಆ ಕಾಲದ ಚಮಚಗಳಲ್ಲಿ ಸ್ಫುಟವಾದ ಮುದ್ರೆಗಳು ದುರ್ಲಭ.

ಊರಿನ ಮುದ್ರೆಯನ್ನು ಮೊದಲು ಓದಬೇಕೆಂಬ ನಿಯಮಕ್ಕೂ ಇಲ್ಲಿಯೇ ಕಾರಣ ಸಿಕ್ಕುತ್ತದೆ. ಪ್ರತಿ ಊರಿನ ಚಕ್ರವೂ ಬೇರೆ. ಷೆಫೀಲ್ಡಿನಲ್ಲಂತೂ ೧೭೭೩ರಿಂದ ೧೮೨೩ರವರೆಗೆ ಅಕ್ಷರಗಳು ವರ್ಣಮಾಲೆಯ ಕ್ರಮವನ್ನೇ ಅನುಸರಿಸಲಿಲ್ಲ. ಮೊದಲ ವರ್ಷದ ಅಕ್ಷರವು ಇ ಆಗಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಆಕ್ಟೇವಿಯಸ್ ಮಾರ್ಗನ್ನರು ಈ ಅಕ್ಷರಗಳ ಪಟ್ಟಿಯನ್ನು ಪ್ರಕಟಿಸುವವರೆಗೆ ಇವು ಸಾಮಾನ್ಯರಿಗೆ ಬರಿಯ ಗುರುತುಗಳಾಗಿದ್ದುವು. ೧೯೦೫ರಲ್ಲಿ ಚಾರ್ಲ್ಸ್ ಜಾಕ್ಸನ್ನರು ಪ್ರಕಟಿಸಿದ ಬೃಹದ್ಗ್ರಂಥವು ಇಂಗ್ಲೆಂಡು, ಸ್ಕಾಟ್ಲೆಂಡು, ಐರ್ಲೆಂಡುಗಳ ಮುದ್ರೆಗಳನ್ನು ಒಟ್ಟುಗೂಡಿಸಿತು. ಮುಂದಿನ ಕೋಷ್ಟಕಗಳಿಗೆಲ್ಲ ಅದು ಆಧಾರವಾಯಿತು.

೪. ಆಕಾರದ ಸಾಕ್ಷ್ಯ

ಲಿಪಿಗೆ ಹೇಗೋ ಹಾಗೆ ಚಮಚಕ್ಕೂ ಕಾಲಾನುಗುಣವಾದ ರೂಪಭೇದಗಳಿವೆ. ಹದಿನೈದು, ಹದಿನಾರನೆಯ ಶತಮಾನಗಳ ಚಮಚಕ್ಕೆ ಅಂಜೂರದ ಹಣ್ಣಿನಂತಹ ಬಟ್ಟಲು, ತೆಳ್ಳನೆಯ ಕಾವು, ಕಾವಿನ ತುದಿಯಲ್ಲಿ ಒಂದು ಪ್ರತಿಮೆ ಇರುತ್ತಿತ್ತು. ಕ್ರಿಸ್ತನೂ ಅವನ ಹನ್ನೆರಡು ಮಂದಿ ಶಿಷ್ಯರೂ ಸೇರಿ ಹದಿಮೂರು ಚಮಚಗಳ ಕಟ್ಟೊಂದು ಪೂರ್ಣವಾಗುತ್ತಿತ್ತು. ಈ ಕಾಲದ ಲಂಡನ್ ಚಮಚಗಳಲ್ಲಿ ಚಿರತೆಯ ತಲೆಯು ಬಟ್ಟಲಿನ ಒಳಗೆ ಇರುತ್ತದೆ. ೧೬೬೦ರ ಬಳಿಕ ಕಾವು ಚಪ್ಪಟೆಯಾಗಿ ತುದಿಯಲ್ಲಿ ಮೂರು ಸೀಳಾಯಿತು. ಬಟ್ಟಲಿನ ಹಿಂದೆ ಇಲಿಯ ಬಾಲದಂತಹ ಏಣು ಬಂದಿತು. ೧೭೧೦ರ ಸುಮಾರಿನಿಂದ ಹ್ಯಾನೋವರ್ ರೂಪ: ಕಾವಿನ ತುದಿಯು ಮೇಲಕ್ಕೆ ಬಾಗಿರುತ್ತದೆ. ೧೭೬೦ರ ಸುಮಾರಿನಿಂದ ಓಲ್ಡ್ ಇಂಗ್ಲಿಷ್ ರೂಪ: ತುದಿಯು ಕೆಳಕ್ಕೆ ಬಾಗಿರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪಿಟೀಲಿನಂತೆ ಭುಜವುಳ್ಳ ಫಿಡಲ್ ರೂಪವೂ ಚಿಪ್ಪು ಮತ್ತು ಬಳ್ಳಿಗಳಿಂದ ತುಂಬಿದ ಕಿಂಗ್ಸ್ ರೂಪವೂ ರೂಢಿಯಾದುವು.

ಈ ಬದಲಾವಣೆಗಳ ಹಿಂದೆ ಊಟದ ಆಚಾರವಿದೆ. ಹ್ಯಾನೋವರ್ ಚಮಚವನ್ನು ಮೇಜಿನ ಮೇಲೆ ಬೋರಲಾಗಿ ಇಡುತ್ತಿದ್ದರು. ಆದುದರಿಂದ ಮನೆತನದ ಲಾಂಛನವನ್ನು ಅದರ ಹಿಂಬದಿಯಲ್ಲಿ ಕೆತ್ತಿರುತ್ತದೆ. ಓಲ್ಡ್ ಇಂಗ್ಲಿಷ್ ಚಮಚವನ್ನು ಬಟ್ಟಲು ಮೇಲಾಗಿ ಇಡುವ ಪದ್ಧತಿ; ಲಾಂಛನವು ಮುಂಬದಿಗೆ ಬಂದಿತು. ಹೀಗೆ ಲಾಂಛನದ ಸ್ಥಾನವೂ ಕಾಲವನ್ನು ಹೇಳುತ್ತದೆ.

ಹಿಂದೆ ಹೇಳಿದ 'ಎ' ಅಕ್ಷರದ ಚಮಚಕ್ಕೆ ಈಗ ಹಿಂದಿರುಗಬಹುದು. ತುದಿ ಮೇಲಕ್ಕೆ ಬಾಗಿ, ಬಟ್ಟಲಿನ ಹಿಂದೆ ಇಲಿಬಾಲದ ಏಣಿದ್ದು, ಲಾಂಛನವು ಹಿಂಬದಿಯಲ್ಲಿದ್ದರೆ ೧೭೩೬ ಸಂಭವನೀಯ. ತುದಿ ಕೆಳಕ್ಕೆ ಬಾಗಿ, ಲಾಂಛನವು ಮುಂದಿದ್ದರೆ ೧೭೭೬.

ಇಲ್ಲಿ ಒಂದು ನ್ಯಾಯವನ್ನು ಗಮನಿಸತಕ್ಕದ್ದು. ಹಳೆಯ ರೂಪವು ಈಚಿನ ಮುದ್ರೆಯೊಡನೆ ಬಂದರೆ ದೋಷವಿಲ್ಲ. ಹಳೆಯ ಮಾದರಿಗಳನ್ನು ಅನುಸರಿಸಿ ಚಮಚಗಳನ್ನು ಇಂದಿಗೂ ಮಾಡುತ್ತಾರೆ. ಈಚಿನ ರೂಪವು ಹಳೆಯ ಮುದ್ರೆಯೊಡನೆ ಬಂದರೆ ಮಾತ್ರ ಶಂಕೆ ಹುಟ್ಟುತ್ತದೆ. ಹದಿನೇಳನೆಯ ಶತಮಾನದ ಕವಿಯೊಬ್ಬನು ಹಳಗನ್ನಡದ ಪ್ರಯೋಗವನ್ನು ಬಳಸಿದರೆ ಆಶ್ಚರ್ಯವಿಲ್ಲ. ಒಂಬತ್ತನೆಯ ಶತಮಾನದ್ದೆಂದು ಹೇಳಿಕೊಳ್ಳುವ ಶಾಸನದಲ್ಲಿ ನಡುಗನ್ನಡದ ರೂಪಗಳು ತುಂಬಿದ್ದರೆ ವಿದ್ವಾಂಸರು ಎಚ್ಚರಗೊಳ್ಳುತ್ತಾರೆ. ಗಂಗರ ಹೆಸರಿನ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದಾಗ, ರೈಸರು ಅವನ್ನು ಸಮರ್ಥಿಸಿದಾಗ, ಚರ್ಚೆಯ ಒಂದು ಮುಖ್ಯ ಪ್ರಶ್ನೆಯು ಇದೇ ಆಗಿತ್ತು: ಹೇಳಿಕೊಂಡ ಕಾಲಕ್ಕೂ ಅಕ್ಷರದ ರೂಪಕ್ಕೂ ಹೊಂದಿಕೆಯುಂಟೆ?

೫. ಕೂಟಮುದ್ರೆಗಳು

ಬೆಲೆಯಿರುವ ಕಡೆ ಮೋಸವೂ ಇರುತ್ತದೆ. ಹಾಲ್‌ಮಾರ್ಕನ್ನು ಖೋಟಾಮಾಡುವುದಕ್ಕೆ ೧೭೫೮ರಿಂದ ಮರಣದಂಡನೆಯಿತ್ತು; ೧೭೭೩ರಲ್ಲಿ ಅದನ್ನು ಹದಿನಾಲ್ಕು ವರ್ಷಗಳ ಗಡೀಪಾರಿಗೆ ಇಳಿಸಿದರು. ದಂಡನೆಯ ಕಾಠಿಣ್ಯವೇ ಅಪರಾಧದ ಪ್ರಾಚುರ್ಯವನ್ನು ಸೂಚಿಸುತ್ತದೆ.

ಎರಕದ ಖೋಟಾ ಸರ್ವಸಾಮಾನ್ಯವಾದುದು. ನಿಜವಾದ ಚಮಚವೊಂದರಿಂದ ಅಚ್ಚು ತೆಗೆದು, ಅದರಲ್ಲಿ ಬೆಳ್ಳಿಯನ್ನು ಎರೆದರೆ, ಮುದ್ರೆಗಳೂ ಕೂಡಿಯೇ ಬರುತ್ತವೆ. ಲೋಹವು ಒಳ್ಳೆಯ ಬೆಳ್ಳಿಯೇ ಆಗಿರಬಹುದು. ಆದುದರಿಂದ ಲೋಹಪರೀಕ್ಷೆಯಿಂದ ಇದು ಬಯಲಾಗುವುದಿಲ್ಲ. ಭೂತಗನ್ನಡಿಯಿಂದ ನೋಡಬೇಕು. ಉಕ್ಕಿನ ಅಚ್ಚಿನಿಂದ ಹೊಡೆದ ಮುದ್ರೆಯ ಅಂಚು ಚೂಪು. ಎರಕದ ಮುದ್ರೆಯ ಅಂಚು ಮೊಂಡು, ಅದರ ತಳದಲ್ಲಿ ಮರಳಿನಂತಹ ಸೂಕ್ಷ್ಮವಾದ ಗುಳಿಗಳು. ಇದಕ್ಕಿಂತ ಬಲವಾದ ಸಾಕ್ಷ್ಯವು ಒಂದಕ್ಕಿಂತ ಹೆಚ್ಚು ಚಮಚಗಳು ದೊರೆತಾಗ ಸಿಕ್ಕುತ್ತದೆ. ಒಂದೊಂದು ಮುದ್ರೆಯನ್ನೂ ಬೇರೆ ಬೇರೆಯಾಗಿ ಕೈಯಿಂದ ಹೊಡೆದಾಗ ಎರಡು ಚಮಚಗಳಲ್ಲಿ ಅವು ಒಂದೇ ಸ್ಥಾನದಲ್ಲಿ, ಒಂದೇ ಓರೆಯಲ್ಲಿ ಬೀಳುವುದಿಲ್ಲ. ಆರು ಚಮಚಗಳಲ್ಲಿಯೂ ಸಿಂಹವು ಒಂದೇ ಕೂದಲೆಳೆಯಷ್ಟು ಓರೆಯಾಗಿ, ಅಕ್ಷರದ ಮೇಲೆ ಒಂದೇ ಗೀರು ಕಂಡುಬಂದರೆ ಆರೂ ಒಂದೇ ಮೂಲದ ಎರಕಗಳು. ಹಲವು ಓಲೆಯ ಪ್ರತಿಗಳಲ್ಲಿ ಒಂದೇ ಕೈತಪ್ಪು ಒಂದೇ ಸ್ಥಳದಲ್ಲಿ ಬಂದರೆ ಅವೆಲ್ಲ ಒಂದೇ ಮಾತೃಕೆಯ ಸಂತಾನವೆಂದು ಗ್ರಂಥಸಂಪಾದಕರು ನಿರ್ಣಯಿಸುವರಷ್ಟೆ, ಯುಕ್ತಿಯು ಅದೇ.

ಇನ್ನೊಂದು ಬಗೆ ಕಸಿಮಾಡಿದ ಮುದ್ರೆ. ೧೭೨೦ರಿಂದ ೧೭೫೮ರವರೆಗೆ ಔನ್ಸಿಗೆ ಆರು ಪೆನ್ಸಿನ ಸುಂಕವಿದ್ದಿತು. ಅದನ್ನು ತಪ್ಪಿಸಲು ಕೆಲವರು ಸಣ್ಣ ವಸ್ತುವೊಂದಕ್ಕೆ ಮುದ್ರೆ ಹಾಕಿಸಿ, ಆ ತುಂಡನ್ನು ಕತ್ತರಿಸಿ, ದೊಡ್ಡ ಪಾತ್ರೆಗೆ ಬೆಸೆಯುತ್ತಿದ್ದರು. ಈಚಿನವರು ಹಳಮೆಯನ್ನು ಸೃಷ್ಟಿಸಲು ಇದೇ ಉಪಾಯವನ್ನು ಹಿಡಿದರು. ಮುದ್ರೆಯ ಸುತ್ತ ಬಾಯುಸಿರನ್ನು ಊದಿದರೆ ಮಂಜುಗಟ್ಟಿದ ಕ್ಷಣದಲ್ಲಿ ಬೆಸುಗೆಯ ಗೆರೆಯು ಕಾಣಿಸುವುದುಂಟು.

ಮೂರನೆಯ ಬಗೆ ರೂಪಾಂತರ. ಹದಿನೆಂಟನೆಯ ಶತಮಾನದ ಮೂರು ಮುಳ್ಳಿನ ಮುಳ್ಳುಚಮಚಗಳು ಅಪರೂಪವಾದುದರಿಂದ ಅವಕ್ಕೆ ಬೆಲೆ ಹೆಚ್ಚು. ಆದುದರಿಂದ ಅದೇ ಕಾಲದ ಚಮಚದ ಬಟ್ಟಲನ್ನು ಬಡಿದು ಕತ್ತರಿಸಿ ಮುಳ್ಳುಗಳನ್ನಾಗಿ ಮಾಡಿರುವುದುಂಟು. ಇಂತಹವುಗಳಲ್ಲಿ ಮುದ್ರೆ ನಿಜ, ಲೋಹ ನಿಜ, ಕಾವೂ ನಿಜ. ವಸ್ತು ಮಾತ್ರ ಸುಳ್ಳು. ಮುಳ್ಳಿನ ಬುಡದಲ್ಲಿ ಲೋಹವು ಇರಬೇಕಾದುದಕ್ಕಿಂತ ತೆಳುವಾಗಿರುವುದೇ ಇದರ ಗುರುತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹಳೆಯ ಚಮಚಗಳ ಬಟ್ಟಲಿಗೆ ಹಣ್ಣುಗಳ ಉಬ್ಬುಕೆಲಸ ಮಾಡಿಸಿ ಚಿನ್ನದ ನೀರು ಹಾಕಿಸಿದುದು ಮೋಸಕ್ಕಲ್ಲ, ಅಭಿರುಚಿಗೆ. ಆದರೂ ಅಲ್ಲಿ ಮುದ್ರೆಯ ವರ್ಷವು ಬೆಳ್ಳಿಯದೇ ಹೊರತು ಅಲಂಕಾರದ್ದಲ್ಲ.

೬. ಬೆಳ್ಳಿಯಂತೆ ತೋರುವುವು

ಮುದ್ರೆಗಳ ಸಾಲಿದ್ದ ಮಾತ್ರಕ್ಕೆ ಬೆಳ್ಳಿಯೆಂದು ತಿಳಿಯಲಾಗದು. ೧೭೪೩ರ ಸುಮಾರಿನಲ್ಲಿ ಥಾಮಸ್ ಬೋಲ್ಸೋವರನು ತಾಮ್ರಕ್ಕೆ ಬೆಳ್ಳಿಯ ತಗಡನ್ನು ಬೆಸೆಯುವ ವಿಧಾನವನ್ನು ಷೆಫೀಲ್ಡಿನಲ್ಲಿ ಕಂಡುಹಿಡಿದನು. ೧೮೪೦ರಲ್ಲಿ ಎಲ್ಕಿಂಗ್ಟನ್ನರು ವಿದ್ಯುತ್ತಿನಿಂದ ಬೆಳ್ಳಿಯ ಲೇಪವನ್ನು ಕೊಡುವ ಕ್ರಮಕ್ಕೆ ಹಕ್ಕು ಪಡೆದರು. ಲೇಪದ ವಸ್ತುಗಳ ಮೇಲೆ ಇ ಪಿ ಎನ್ ಎಸ್ ಎಂಬ ನಾಲ್ಕು ಅಕ್ಷರಗಳನ್ನು ಬೇರೆ ಬೇರೆ ಗುರಾಣಿಗಳಲ್ಲಿಟ್ಟು, ಮಸುಕು ಕಣ್ಣಿಗೆ ಹಾಲ್‌ಮಾರ್ಕಿನಂತೆ ತೋರುವಂತೆ ಒತ್ತುತ್ತಿದ್ದರು. ಇವುಗಳ ಒಳಗಿನ ಲೋಹವು ಕನ್ನಡನಾಡಿನ ಮನೆಗಳಲ್ಲಿಯೂ ಪರಿಚಿತವಾದ ಜರ್ಮನ್ ಸಿಲ್ವರ್: ತಾಮ್ರ, ನಿಕಲ್, ಸತುವುಗಳ ಬೆರಕೆ. ಅದರಲ್ಲಿ ಹೆಸರಿಗೂ ಬೆಳ್ಳಿಯಿಲ್ಲ. ಅಯಸ್ಕಾಂತಕ್ಕೆ ಅದೂ ಅಂಟದ ಕಾರಣ ಆ ಪರೀಕ್ಷೆಯಿಂದ ಫಲವಿಲ್ಲ. ಲೇಪವು ಬಟ್ಟಲಿನ ಅಡಿಯಲ್ಲಿಯೂ ಮುಳ್ಳುಗಳ ತುದಿಯಲ್ಲಿಯೂ ಸವೆದು ಹಳದಿ ಛಾಯೆಯು ಇಣಿಕುವುದೇ ಸುಲಭವಾದ ಗುರುತು. ಸಾಂದ್ರತೆಯನ್ನು ಅಳೆಯಬಲ್ಲವರಿಗೆ ಸಂಶಯವೇ ಉಳಿಯದು: ಸ್ಟರ್ಲಿಂಗ್ ನೀರಿನ ೧೦.೩ ಪಟ್ಟಿಗಿಂತ ಸ್ವಲ್ಪ ಹೆಚ್ಚು, ಜರ್ಮನ್ ಸಿಲ್ವರ್ ಒಂಬತ್ತಕ್ಕೂ ಕಡಮೆ. ಆಮ್ಲದಿಂದ ಪರೀಕ್ಷಿಸಿದರೆ ಕಲೆಯುಳಿಯುವುದರಿಂದ ಹಳೆಯ ವಸ್ತುವಿಗೆ ಅದು ತಕ್ಕುದಲ್ಲ. ಈಗಿನ ಕಾಲದ ಕ್ಷಕಿರಣ ಯಂತ್ರಗಳು ವಸ್ತುವಿಗೆ ಗಾಯಮಾಡದೆ ಬೆರಕೆಯನ್ನು ತಿಳಿಸುತ್ತವೆ.

ಬೇರೆ ದೇಶಗಳ ಪದ್ಧತಿಯು ಬೇರೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸರ್ಕಾರದ ಪರೀಕ್ಷಾಶಾಲೆಗಳ ವ್ಯವಸ್ಥೆ ಬೆಳೆಯಲಿಲ್ಲ. ತಯಾರಕನೇ ಸ್ಟರ್ಲಿಂಗ್ ಎಂಬ ಪದವನ್ನು ಒತ್ತುತ್ತಾನೆ. ಆ ಮಾತಿಗೆ ೧೯೦೬ರ ಸಂಯುಕ್ತ ಶಾಸನದ ಕಟ್ಟುಂಟು. ಗೋರ್ಹ್ಯಾಮ್ ಕಂಪನಿಯ ಮುದ್ರೆಯು ಸಿಂಹ, ಲಂಗರು, ಜಿ ಅಕ್ಷರ ಇವುಗಳಿಂದ ಕೂಡಿದುದು. ಅವಸರದ ಓದುಗನು ಅದನ್ನು ಬರ್ಮಿಂಗ್‌ಹ್ಯಾಮಿನದೆಂದು ಭ್ರಮಿಸುವುದು ಸಹಜ. ಭಾರತದಲ್ಲಿ ಕಂಪನಿ ಸರ್ಕಾರದ ಮತ್ತು ಬ್ರಿಟಿಷರ ಕಾಲದಲ್ಲಿ ಕಲ್ಕತ್ತೆಯ ಹ್ಯಾಮಿಲ್ಟನ್, ಮದರಾಸಿನ ಆರ್ ಮೊದಲಾದ ಅಂಗಡಿಗಳು ಇಂಗ್ಲಿಷ್ ಮಾದರಿಯ ಚಮಚಗಳನ್ನು ಮಾಡಿಸುತ್ತಿದ್ದುವು. ಅವುಗಳ ಮೇಲಣ ಗುರುತು ಅಂಗಡಿಯ ಭರವಸೆಯೇ ಹೊರತು ಇಂಗ್ಲೆಂಡಿನ ಪರೀಕ್ಷಾಶಾಲೆಯ ಸಾಕ್ಷ್ಯವಲ್ಲ.

೭. ಬೆಲೆ

ಬೆಲೆಗೆ ಮೂರು ಪದರಗಳಿವೆ. ತಳದಲ್ಲಿರುವುದು ಲೋಹದ ಬೆಲೆ. ಟ್ರಾಯ್ ಔನ್ಸು ೩೧.೧ ಗ್ರಾಮು; ಅಂಗಡಿಯ ಸಾಮಾನ್ಯ ಔನ್ಸು ೨೮.೩೫ ಗ್ರಾಮು. ಈ ಎರಡನ್ನು ಕಲಸಿದವರು ನೂರಕ್ಕೆ ಹತ್ತರಷ್ಟು ತಪ್ಪುತ್ತಾರೆ. ನಮ್ಮ ತೊಲವು ೧೮೦ ಗ್ರೇನು, ಟ್ರಾಯ್ ಔನ್ಸು ೪೮೦ ಗ್ರೇನು; ಆದುದರಿಂದ ಮೂರು ಔನ್ಸಿಗೆ ಎಂಟು ತೊಲ. ತಲಾ ೬೦ ಗ್ರಾಮಿನ ಹನ್ನೆರಡು ಚಮಚಗಳು ೭೨೦ ಗ್ರಾಮು ತೂಗಿದರೆ ಅವುಗಳಲ್ಲಿ ೬೬೬ ಗ್ರಾಮು ಅಪ್ಪಟ ಬೆಳ್ಳಿಯಿರುತ್ತದೆ. ಆ ದಿನದ ಧಾರಣೆಯಿಂದ ಇದನ್ನು ಗುಣಿಸಿದರೆ ತಳದ ಬೆಲೆ ಸಿಕ್ಕುತ್ತದೆ. ಚೂರಿಗಳನ್ನು ಈ ತೂಕಕ್ಕೆ ಸೇರಿಸಬಾರದು. ಅವುಗಳ ಹಿಡಿಯು ತೆಳ್ಳನೆಯ ಬೆಳ್ಳಿಯ ಎರಡು ಹೋಳುಗಳನ್ನು ಬೆಸೆದು ಒಳಗೆ ರಾಳವನ್ನು ತುಂಬಿದುದು, ಅಲಗು ಉಕ್ಕಿನದು.

ಎರಡನೆಯ ಪದರವು ವಸ್ತುವಿನ ಸ್ಥಿತಿ ಮತ್ತು ಪೂರ್ಣತೆ. ಬಲಗ��ಯವರ ಬಳಕೆಯಿಂದ ಬಟ್ಟಲಿನ ತುದಿಯ ಎಡಬದಿಯು ಸವೆಯುತ್ತದೆ, ಮುಳ್ಳುಗಳು ಮೊಟಕಾಗುತ್ತವೆ. ಹಳೆಯ ಲಾಂಛನವನ್ನು ಉಜ್ಜಿ ತೆಗೆದಿದ್ದರೆ ಕಾವು ಬೆರಳಿಗೆ ತೆಳುವಾಗಿ ಸಿಕ್ಕುತ್ತದೆ. ಸವೆತಕ್ಕಿಂತ ಇದು ದೊಡ್ಡ ನಷ್ಟ, ಏಕೆಂದರೆ ಒಡೆತನದ ಇತಿಹಾಸವೂ ಇದರೊಡನೆ ಹೋಯಿತು. ಒಬ್ಬನೇ ಕರ್ತೃ ಒಂದೇ ವರ್ಷದಲ್ಲಿ ಮಾಡಿದ ಕಟ್ಟಿಗೂ ಬೇರೆ ಬೇರೆ ವರ್ಷಗಳ ವಸ್ತುಗಳನ್ನು ಕೂಡಿಸಿದ ಕಟ್ಟಿಗೂ ಬೆಲೆಯಲ್ಲಿ ಬಹಳ ಅಂತರವಿದೆ. ಒಂದೊಂದರ ಮುದ್ರೆಯನ್ನೂ ಓದದೆ ಈ ಅಂತರವನ್ನು ತಿಳಿಯಲಾಗದು.

ಮೂರನೆಯ ಪದರವು ಸಾಕ್ಷ್ಯದ ಬೆಲೆ: ಕಾಲ, ಕರ್ತೃ, ಊರು, ರೂಪ ಇವುಗಳ ವಿರಳತೆ. ಪಾಲ್ ಸ್ಟಾರ್‌ನಂತಹ ಪ್ರಖ್ಯಾತ ಕುಶಲಿಗನ ಗುರುತು, ಸ್ವಲ್ಪ ಕಾಲ ಮಾತ್ರ ಬೆಳ್ಳಿಯ ಕೆಲಸ ನಡೆದ ಸಣ್ಣ ಊರಿನ ಮುದ್ರೆ, ಹದಿನೇಳನೆಯ ಶತಮಾನದ ರೂಪ ಇವು ಲೋಹದ ಬೆಲೆಯನ್ನು ಹಲವು ಪಟ್ಟು ಮೀರಿಸುತ್ತವೆ. ಹತ್ತೊಂಬತ್ತು, ಇಪ್ಪತ್ತನೆಯ ಶತಮಾನಗಳ ಸಾಮಾನ್ಯ ಫಿಡಲ್ ಚಮಚವಾದರೋ ಲೋಹದ ಬೆಲೆಯನ್ನು ಬಹಳ ದಾಟದು. ಇದಲ್ಲದೆ ಒಂದೇ ವಸ್ತುವಿಗೆ ಕರಗಿಸುವವನ ಬೆಲೆ, ಹರಾಜಿನ ಬೆಲೆ, ವಿಮೆಗಾಗಿ ಕಟ್ಟುವ ಬೆಲೆ ಎಂದು ಮೂರಿರುವುದರಿಂದ, ಯಾವ ಉದ್ದೇಶಕ್ಕೆಂದು ಹೇಳದ ಬೆಲೆಗೆ ಅರ್ಥವಿಲ್ಲ.

ಬೆಳ್ಳಿಯ ಧಾರಣೆ ಏರಿದಾಗ ತಳದ ಪದರವು ಮೇಲಿನ ಎರಡನ್ನು ನುಂಗುತ್ತದೆ. ೧೬೪೦ರ ದಶಕದ ಅಂತರ್ಯುದ್ಧದಲ್ಲಿ ಆಕ್ಸ್‌ಫರ್ಡಿನ ವಿದ್ಯಾಲಯಗಳ ಬೆಳ್ಳಿಯು ಮೊದಲನೆಯ ಚಾರ್ಲ್ಸನ ಸೈನ್ಯದ ಸಂಬಳಕ್ಕಾಗಿ ಟಂಕಸಾಲೆಯಲ್ಲಿ ಕರಗಿತು. ೧೯೮೦ರ ಜನವರಿಯಲ್ಲಿ ಬೆಳ್ಳಿಯು ಔನ್ಸಿಗೆ ೫೦ ಡಾಲರಿನ ಹತ್ತಿರಕ್ಕೆ ಏರಿದಾಗ ಅಮೆರಿಕ, ಯೂರೋಪುಗಳ ಮನೆಗಳಿಂದ ಚಮಚದ ಕಟ್ಟುಗಳು ಕರಗುವ ಮೂಸೆಗೆ ಹೋದುವು. ಹಾಗೆ ಹೋದುವುಗಳಲ್ಲಿ ಓದತಕ್ಕವು ಎಷ್ಟಿದ್ದುವೆಂಬುದನ್ನು ಉಳಿದ ಬೆಳ್ಳಿಯ ಗಟ್ಟಿಯು ಹೇಳಲಾರದು.

ಆದುದರಿಂದ ಬೆಳ್ಳಿಯ ಚಮಚವನ್ನು ತಕ್ಕಡಿಗೆ ಇಡುವ ಮೊದಲು ಮಾಡತಕ್ಕ ಕೆಲಸವು ಅಲ್ಪವಾದುದೇ. ಊರಿನ ಮುದ್ರೆ, ಪ್ರಮಾಣ, ವರ್ಷಾಕ್ಷರ ಮತ್ತು ಅದರ ಗುರಾಣಿ, ಸುಂಕದ ತಲೆ, ಕರ್ತೃಮುದ್ರೆ, ಕಾವಿನ ರೂಪ, ಲಾಂಛನದ ಸ್ಥಾನ, ಉದ್ದ, ತೂಕ ಇವನ್ನು ಕ್ರಮವಾಗಿ ಬರೆದಿಟ್ಟು, ಮುದ್ರೆಗಳ ಚಿತ್ರವನ್ನು ತೆಗೆದಿಡಬೇಕು. ಶಿಲಾಲಿಪಿಯ ಪಡಿಯಚ್ಚನ್ನು ತೆಗೆದಿಟ್ಟ ಬಳಿಕ ಕಲ್ಲು ಒಡೆದರೂ ಪಾಠವು ಉಳಿಯುತ್ತದೆ. ಚಮಚದ ವಿಷಯದಲ್ಲಿಯೂ ಹಾಗೆಯೇ.